ಸದ್ಯದ ವಾಸ

ಆಕೆಯ ಮನೆಯ ನಂಬರು ಊರಿಗೆಲ್ಲ ಸಾರಿದವ ನಾನೇ.
ಡಂಗುರ ಹೊಡೆದಲ್ಲ. ಕೂತಲ್ಲೇ,
ಎಡಗೈಯಲ್ಲಿ ಚುರುಮುರಿ ಪೊಟ್ಟಣ ಹಿಡಿದು
ಬಲಗೈಯ ಒಂದು ಬೆರಳಿನಿಂದ.

ಬಾಗಲಕೋಟೆ, ನವನಗರ, ಸೆಕ್ಟರ್ ನಂಬರ್
ಬೇಡ. ಇಲ್ಲೂ ಯಾಕೆ ಬರೆಯಲಿ.
ಹೆಸರೂ ಬೇಡ. ಕಸ್ತೂರಕ್ಕ ಅನ್ನೋಣ.
ಕುಸುಬಿ ಎಣ್ಣೆಯ ಗಾಣ ಇಟ್ಟಾಕೆ,
ಬೋರ್ಡಿನ ಮೇಲೆ ಪ್ರೈವೇಟ್ ಲಿಮಿಟೆಡ್ ಅಂತ ಬರೆಸಿದ ದಿನ
ನಮ್ಮ ಆಫೀಸಿಗೆ ಅಮೀನಗಡದ ಕರದಂಟು ತಂದಾಕೆ.

ಡೈರೆಕ್ಟರ್ ಅಂದಮೇಲೆ ಅಷ್ಟೂ ಖಾನೆ ತುಂಬಬೇಕು.
ತಂದೆಯ ಹೆಸರು, ಹುಟ್ಟಿದ ತಾರೀಖು, ಮೊಬೈಲು,
ರಾತ್ರಿ ಚಿಲಕ ಹಾಕಿಕೊಳ್ಳುವ ಬಾಗಿಲು.
ಸಹಿಯೊಳಗಿನ ಸೊಟ್ಟ 'ಕ' ಕೂಡ ಸ್ಕ್ಯಾನಾಗಿ ಹೋಯಿತು.
ಎರಡನೆಯ ಡೈರೆಕ್ಟರು ಮಗಳು;
ಅವಳದೂ, ಕೆಳಗಿನ ಸಾಲಿನಲ್ಲಿ.

ಮೊದಲು ಬಂದವು ಫೋನುಗಳು.
ಸಾಲ ಬೇಕೇ ಮೇಡಂ, ವಿಮೆ ಬೇಕೇ ಮೇಡಂ.
ಗಂಡನೂ ಮರೆತ ಹುಟ್ಟುಹಬ್ಬಕ್ಕೆ
ನೋಯ್ಡಾದಿಂದ ಯಾವನೋ ಹಾಡಿದ.
ಆಕೆ ನಕ್ಕಿದ್ದಳು:
"ಆ ತಾರೀಖು ನಮ್ಮವ್ವಗೂ ಗೊತ್ತಿದ್ದಿಲ್ಲ,
ಸಾಲಿ ಮಾಸ್ತರ ಅಂದಾಜಿಲೆ ಬರದದ್ದು.
ಅದನ್ನೂ ಮಾರ್ಯಾರಲ್ಲೋ!"

ಆಮೇಲೆ ಒಬ್ಬ ಬಂದ.
ಗಾಣಕ್ಕಲ್ಲ. ಗಾಣಕ್ಕೆ ಕಾವಲುಗಾರನಿದ್ದ.
ಡಬ್ಬಿಯ ಲೆಕ್ಕದಲ್ಲಿ ಸಿಕ್ಕಿಬಿದ್ದು
ಕೆಲಸ ಕಳೆದುಕೊಂಡವನ ಅಣ್ಣನಂತೆ.
ರಾತ್ರಿ ಹತ್ತಕ್ಕೆ ಮನೆಯ ಗೇಟಿನೆದುರು ಬೈಕು ನಿಲ್ಲಿಸಿ
ಲೈಟು ಹಾಕುವುದು, ಆರಿಸುವುದು, ಹಾಕುವುದು.
ಏನೂ ಅನ್ನಲಿಲ್ಲ.
ಏನೂ ಅನ್ನದವನ ಮೇಲೆ ಏನಂತ ಫಿರ್ಯಾದು?
ಮೂರನೆಯ ರಾತ್ರಿ
ಮಗಳ ಹೆಸರು ಹಿಡಿದು ಕರೆದ,
ಪೂರ್ತಿ ಹೆಸರು, ಅಡ್ಡಹೆಸರು ಸಮೇತ,
ನಾನು ಹೊಡೆದ ಹಾಗೆಯೇ.

ನನ್ನದೂ ಒಂದು ಬಾಕಿ ಇದೆ, ಹೇಳಿಬಿಡುತ್ತೇನೆ.
ನಮ್ಮಪ್ಪ ಹನ್ನೊಂದು ವರ್ಷ ಚೀಟಿ ಕಟ್ಟಿದ.
ಕಂಪನಿ ಮುಳುಗಿದಾಗ, ಪಾಸ್‌ಬುಕ್ಕಿನ ಹಿಂದಿದ್ದ ವಿಳಾಸ ಹಿಡಿದು
ಬೆಳಗಾವಿಗೆ ಬಸ್ಸು ಹತ್ತಿ ಹೋದರೆ
ಅಲ್ಲೊಂದು ಹಿಟ್ಟಿನ ಗಿರಣಿ.
ಗಿರಣಿಯವ ಪಾಪ, ನೀರು ಕೊಟ್ಟು ಕೂರಿಸಿದನಂತೆ.
ಅಂಗಿಗೆ ಜೋಳದ ಹಿಟ್ಟು ಮೆತ್ತಿಸಿಕೊಂಡು
ಅಪ್ಪ ತಿರುಗಿ ಬಂದ ಆ ಸಂಜೆಯಿಂದ ನನಗೆ ಖಾತ್ರಿ:
ಕಂಪನಿ ಮಾಡಿದವರ ಬಾಗಿಲು ಎಲ್ಲರಿಗೂ ಗೊತ್ತಿರಬೇಕು.
ಎಲ್ಲರಿಗೂ ಅಂದುಕೊಂಡಾಗ
ಬೈಕಿನವ ನನ್ನ ಲೆಕ್ಕದಲ್ಲಿರಲಿಲ್ಲ.

ಕಸ್ತೂರಕ್ಕ ಬಂದು ಕೂತಳು. ಈ ಸಲ ಬರಿಗೈ.
"ತಮ್ಮಾ, ಮನಿ ತಗದುಬಿಡು."
ತೆಗೆಯಲು ಬರೋದಿಲ್ಲ ಅಕ್ಕ, ಬದಲಿಸಲು ಬರುತ್ತದೆ.
"ಹಂಗಾದ್ರ ಹಳೇ ಊರಿನ ಮನಿ ಬರಿ.
ನೀರಾಗ ಹೋತಲ್ಲ, ಅದು.
ಹುಡಿಕ್ಕೋತ ಬರಲಿ ಅಲ್ಲಿಗೆ. ಮೀನು ಮಾತಾಡಸ್ತಾವ."

ಆಕೆ ನಗಲಿಲ್ಲ. ನಾನು ನಕ್ಕೆ, ತಪ್ಪಾಯಿತು.
ಪುರಾವೆ ಬೇಕು ಅಕ್ಕ, ಈಚಿನ ಕರೆಂಟ್ ಬಿಲ್ಲು.
ಹಿನ್ನೀರಿಗೆ ಮೀಟರು ಕೂರಿಸಿದವರು ಯಾರು?
"ಪರಿಹಾರದ ಕಾಗದ ಐತಿ" ಅಂತ ಚೀಲ ಬಿಚ್ಚಿದಳು.
ಹಳದಿಗಟ್ಟಿದ ಹಾಳೆ. ತೊಲೆ ಹದಿನಾಲ್ಕು,
ಬಾಗಿಲು ಎರಡು, ಬೇವಿನ ಮರ ಒಂದು.
ಎಣಿಸಿ ಮುಳುಗಿಸಿದ ಮನೆ.
ಆಗಲೂ ನನ್ನಂಥವನೇ ಯಾವನೋ ಖಾನೆ ತುಂಬಿದ್ದ.
ಅಕ್ಷರ ದುಂಡಗಿತ್ತು.

ಈಗ ಆಕೆ ಬೇರೆ ಕಡೆ ಇದ್ದಾಳೆ.
ಎಲ್ಲಿ ಅಂತ ಕೇಳಬೇಡಿ,
ಆ ಖಾನೆ ತುಂಬಿದವನೂ ನಾನೇ.
ಹೊಸ ಫಾರ್ಮು ಬಂದರೂ ಹಳೆಯದು ಅಲ್ಲೇ ಇರುತ್ತದೆ
ಅನ್ನುವುದನ್ನು ಮಾತ್ರ ಆಕೆಗೆ ಹೇಳಲಿಲ್ಲ.

ಮೊನ್ನೆ ಬೇಸಿಗೆಯಲ್ಲಿ ನೀರು ಸರಿದಿತ್ತು.
ಕೆಲಸ ಮುಗಿಸಿ ಹಳೇ ಊರಿನ ಕಡೆ ಹೋದೆ, ಯಾಕೋ.
ಒಡೆದ ಕೆಸರಿನಲ್ಲಿ ಹೊಸ್ತಿಲುಗಳು,
ಗೋಡೆಯಿಲ್ಲದ, ಚೌಕಟ್ಟಿಲ್ಲದ ಹೊಸ್ತಿಲುಗಳು,
ಮುಳುಗಿದ್ದೂ ಮುಚ್ಚಿಹೋಗಿಲ್ಲ.
ಬೇವಿನ ಮೋಟು ಹುಡುಕಿದೆ. ಮೂರು ಸಿಕ್ಕವು.
ಒಂದರ ಎದುರು ಬಹಳ ಹೊತ್ತು ನಿಂತಿದ್ದೆ.

ಬೈಕಿನ ಲೈಟು ಹತ್ತಿಕೊಂಡೇ ಇತ್ತು,
ನೇರ ಆ ಹೊಸ್ತಿಲ ಮೇಲೆ.
ಆಮೇಲೆ ಗಮನಕ್ಕೆ ಬಂತು.
ಆರಿಸಿದೆ.