ಕಾವು

ದುಡ್ಡು ಎಣಿಸಿಕೊಂಡ ಮೇಲೆ ಹೇಳಿದ ಕೊರ್ಬಿನಿಯನ್:
ಇವತ್ತು ಒಯ್ಯುವ ಹಾಗಿಲ್ಲ.

ಟಿರೋಲಿನ ಆ ಹುಲ್ಲುಕೊಟ್ಟಿಗೆಯ ಮೂಲೆಯಲ್ಲಿ
ಇಪ್ಪತ್ತಾರು ಚಳಿಗಾಲ ಹಲ್ಲು ಕಚ್ಚಿ ನಿಂತ ಗಾಡಿ.
ಚಾಲಕನ ಸೀಟು ಕೆದರಿ, ಸ್ಪಂಜು ಕಿತ್ತು,
ಒಂಬತ್ತು ಮೊಟ್ಟೆಯ ಮೇಲೆ
ಕಾವಿಗೆ ಕೂತಿತ್ತು ಕಂದು ಕೋಳಿ.
'ಆರು ದಿನವಾಯಿತು. ಇನ್ನು ಹದಿನೈದು.'

ಕೋಳಿ ಸಮೇತ ಕೊಡು, ಎಂದೆ.
'ಮಾರಿದ್ದು ಗಾಡಿ. ಕೋಳಿಯಲ್ಲ.'

ಹಾಫ್ಲಿಂಗರ್.
ಬೆಟ್ಟದಾಚೆಯ ಬಿಳಿಗೇಸರದ ಗಿಡ್ಡ ಕುದುರೆಯ ಹೆಸರೇ ಇದಕ್ಕೂ.
ಬಾಗಿಲಿಲ್ಲ, ಬಾನೆಟ್ಟಿಲ್ಲ;
ನಾಲ್ಕು ಗಾಲಿಯ ಮೇಲೊಂದು ತಗಡಿನ ಮಣೆ,
ಬೆನ್ನಡಿಯಲ್ಲಿ ಎರಡೇ ಸಿಲಿಂಡರಿನ, ಗಾಳಿ ಕುಡಿದು ತಣಿಯುವ ಎಂಜಿನ್ನು.
ಒಟ್ಟು ತೂಕ ಒಂದು ಮೈತುಂಬಿದ ಹಸುವಿನಷ್ಟು.

ಕುದುರೆ ಕೊಳ್ಳುವವರು ಹಲ್ಲು ನೋಡುತ್ತಾರೆ.
ನಾನು ಅಂಗಾತ ಮಲಗಿ ಹೊಟ್ಟೆ ನೋಡಿದೆ,
ಸ್ಕ್ರೂಡ್ರೈವರಿನ ಹಿಡಿಯಿಂದ ಕುಟ್ಟುತ್ತ ಹೋದೆ:
ಟಣ್ ಅಂದಲ್ಲಿ ಕಬ್ಬಿಣ,
ತೊಪ್ ಅಂದಲ್ಲಿ ಖರ್ಚು.

ಮೂವತ್ತು ವರ್ಷ
ಹಿಮದ ಮೇಲೆ ತೂಗುವ ಕುರ್ಚಿಗಳ ಗಾಲಿಗೆ ಗ್ರೀಸು ಬಳಿದವಳು ನಾನು.
ಗೊತ್ತು, ಸಿಕ್ಕಿಕೊಂಡ ಪಿಸ್ಟನ್ನಿನ ಮೇಲೆ
ಸುತ್ತಿಗೆ ಎತ್ತಿದವರು ಕೆಟ್ಟರು.
ಎಣ್ಣೆ ಹನಿಸಬೇಕು, ಸುಮ್ಮನಿರಬೇಕು,
ಮರುದಿನ ಮತ್ತೆ ಹನಿಸಬೇಕು.
ಹಾಗೆ ಹದಿನೈದು ಸಂಜೆ,
ಮುಂದೆ ಅದು, ಹಿಂದೆ ನಾನು,
ಕಾಯುವುದೇ ಕೆಲಸ ಇಬ್ಬರಿಗೂ.
ಒಮ್ಮೊಮ್ಮೆ ಕತ್ತು ತಿರುಗಿಸಿ ನೋಡುತ್ತಿತ್ತು,
ಮೇಸ್ತ್ರಿಯ ಹಾಗೆ.

ಒಂಬತ್ತರಲ್ಲಿ ಏಳು ಒಡೆದವು.
ಆ ರಾತ್ರಿಯೇ ಕ್ರ್ಯಾಂಕು ಒಂದು ಬೆರಳಷ್ಟು ತಿರುಗಿತು.

ಆಮೇಲೆ ತಮ್ಮನ ಟ್ರ್ಯಾಕ್ಟರು, ಹಗ್ಗ, ನನ್ನ ಶೆಡ್ಡು, ಚಳಿಗಾಲ.
ಮೇಲಿನ ಕೆಂಪು ಅಗ್ನಿಶಾಮಕ ದಳದ್ದು,
ಉಜ್ಜಿದರೆ ಕೆಳಗೆ ಹಾಲಿನ ಡೇರಿಯ ನೀಲಿ,
ಅದರಡಿಗೆ ಸೈನ್ಯದ ಹಸಿರು.
ಹಸಿರಿನ ಮೇಲೆ, ಟೂಲು ಪೆಟ್ಟಿಗೆಯ ಮರೆಯಲ್ಲಿ,
ಮೊಳೆಯಿಂದ ಗೀರಿದ ಗೆರೆಗಳು, ನೂರ ಎಂಬತ್ತಮೂರು.
ಮನೆಗೆ ಹೋಗುವ ದಿನ ಎಣಿಸಿದ್ದಾನೆ ಯಾವನೋ ಹುಡುಗ.
ಉಪ್ಪುಕಾಗದ ಕೆಳಗಿಟ್ಟೆ.
ಆ ಅಂಗೈಯಗಲ ಹಾಗೇ ಇದೆ.

ಬ್ರೇಕಿನ ಬಿಡಿಭಾಗ ಬೂಟಿನ ಡಬ್ಬಿಯಲ್ಲಿ ಬಂತು,
ಗ್ರಾಟ್ಸಿನ ಒಬ್ಬ ಮುದುಕನಿಂದ;
ಸುತ್ತಿದ ಪತ್ರಿಕೆಯಲ್ಲಿ ಅರ್ಧ ಬಿಡಿಸಿದ ಪದಬಂಧ.
ಉಳಿದರ್ಧ ನಾನು ತುಂಬಿದೆ, ಒಂದು ಶಬ್ದ ಬಿಟ್ಟು.
ಮೇಲ್ಹೊದಿಕೆಯ ಕ್ಯಾನ್ವಾಸು ಹೊಲಿದ ನೋಟ್ಬುರ್ಗಾ
ಮೂರು ಸೂಜಿ ಮುರಿದಳು,
ಮೂರನ್ನೂ ಲೆಕ್ಕಕ್ಕೆ ಬರೆದಳು.
ಗಾಡಿಗೆ ಕೊಟ್ಟದ್ದರ ಎರಡರಷ್ಟು
ಬರೀ ರಬ್ಬರಿಗೆ ಹೋಯಿತು. ತಮ್ಮನಿಗೆ ಹೇಳಿಲ್ಲ.

ಜೂನಿನಲ್ಲಿ ಕೊರ್ಬಿನಿಯನ್ನನ ಅಂಗಳಕ್ಕೆ ಬಿಟ್ಟುಕೊಂಡು ಹೋದೆ.
ಟೋಪಿ ತೆಗೆದ. ಮತ್ತೆ ಹಾಕಿಕೊಂಡ.
ಹತ್ತಿ ಕೂರುವ ಮುಂಚೆ
ಹೊಸ ಸೀಟಿನ ಮೇಲೆ ಕೈಯಾಡಿಸಿ ನೋಡಿದ,
ಮೊಟ್ಟೆ ಇದೆಯೇನೋ ಎಂಬಂತೆ.

ಮೇಲಿನ ಹುಲ್ಲುಗಾವಲಿಗೆ ಹೊರಟೆವು.
ಅಬ್ಬರದಲ್ಲಿ ಮಾತು ಕೇಳದು,
ಹಲ್ಲಿಗೆ ಹಲ್ಲು ತಾಗುವ ದಾರಿ.
ಕೋಲೂರಿಕೊಂಡು ನಡೆಯುತ್ತಿದ್ದ ಇಬ್ಬರು ಪ್ರವಾಸಿಗಳು
ನಮ್ಮನ್ನು ಹಿಂದೆ ಹಾಕಿ ಕೈಬೀಸಿದರು.
ತೊರೆ ಕೊರೆದ ತಿರುವಿನಲ್ಲಿ
ಒಂದು ಗಾಲಿ ಆಕಾಶದಲ್ಲಿ ಸುಮ್ಮನೆ ಸುತ್ತತೊಡಗಿತು;
'ಹಿಂದಿನ ಲಾಕು, ಹಿಂದಿನದು!' ಕಿರುಚಿದ,
ನಾನು ಎಳೆಯುವಷ್ಟರಲ್ಲಿ ಅವನ ಕೈಯೇ ಅಲ್ಲಿತ್ತು.
ಹತ್ತಿತು, ಆಡಿನ ಹಾಗೆ, ಅವಸರವಿಲ್ಲದೆ.

ಮೇಲೆ ಎಂಜಿನ್ನು ಆರಿಸಿದೆ.
ಟಿಕ್ ಟಿಕ್ ಎಂದು ತಗಡು ತಣಿಯುವ ಸದ್ದು,
ದೂರದಲ್ಲಿ ಹಸುಗಳ ಗಂಟೆ.
ಹಿಂದೆ ಹೋಗಿ ಮುಚ್ಚಳದ ಮೇಲೆ ಅಂಗೈಯಿಟ್ಟ,
ಬಹಳ ಹೊತ್ತು ತೆಗೆಯಲಿಲ್ಲ.

'ಇಳಿಯುವಾಗ ನಾನು ಓಡಿಸಲಾ?'

ಬ್ರೇಕು ಎಡಕ್ಕೆ ಎಳೆಯುತ್ತದೆ,
ಏನು ಮಾಡಿದರೂ ಹೋಗಲಿಲ್ಲ, ಎಂದೆ.

'ಅದು ನಮ್ಮಪ್ಪನ ಕಾಲದಿಂದಲೂ ಹಾಗೇ' ಎಂದ,
ಕೀಲಿಗೆ ಕೈಚಾಚಿ.