ಹಗೇವಿನ ತೇವ

ನನ್ನನ್ನು ಕರೆದದ್ದು ಮಾತಾಡಲಿಕ್ಕಲ್ಲ.
ಹಳೆಯ ನಕಾಶೆ ಬಿಚ್ಚಿದರೆ ತಾನೇ ಸುತ್ತಿಕೊಳ್ಳುತ್ತದೆ,
ನಾಲ್ಕು ಮೂಲೆ ಹಿಡಿಯಲಿಕ್ಕೆ ಕೈ ಬೇಕು.
ಮೂವತ್ತು ವರ್ಷ ಸರ್ವೇ ಕೋಲು ಹಿಡಿದವನು
ಒಂದು ಮೂಲೆ ಹಿಡಿದಾನು ಎಂದುಕೊಂಡರೇನೋ ಸಾಹೇಬರು.

ಬಾಗಲಕೋಟೆ ನವನಗರದ ಹಾಲ್‌ನಲ್ಲಿ
ಸಮುದ್ರದ ಮಂದಿ ಕೂತಿದ್ದರು.
ನನಗೆ ಸಮುದ್ರವೆಂದರೆ ಕಾರವಾರ,
ಬೀಗರ ಮದುವೆಗೆ ಹೋದಾಗ ಒಮ್ಮೆ ಕಾಲು ತೊಳೆದದ್ದು, ಅಷ್ಟೇ ಪರಿಚಯ.
ಖುಲ್ನಾದಿಂದ ರೆಜ್ವಾನಾ ಬಾಯಿ.
ಹಾಲೆಂಡಿನ ಯೆಲ್ಲೆ ಸಾಹೇಬ: ದೇಶ ನೀರಿಗಿಂತ ತಗ್ಗಂತೆ,
ಮನುಷ್ಯ ಮಾತ್ರ ಬಾಗಿಲಿಗಿಂತ ಎತ್ತರ.
ಕೃಷ್ಣೆ ಕಡಲಿಗೆ ಬೀಳುವ ನಾಗಾಯಲಂಕದ ಕನಕದುರ್ಗಮ್ಮ,
ಬಲೆ ಹೆಣೆಯುವವರ ಮಗಳು, ಈಗ ಮಣ್ಣಿನ ಡಾಕ್ಟರು.

ಪರದೆಯ ಮೇಲೆ ನೀಲಿ ಗೆರೆ ಏರುತ್ತಿತ್ತು, ಮಿಲಿಮೀಟರ್ ಲೆಕ್ಕದಲ್ಲಿ.
ಊರಿಗೆ ಊರೇ ಗುಡ್ಡ ಹತ್ತಿತಲ್ಲ, ಹೇಗೆ ಹತ್ತಿಸಿದಿರಿ?
ಸಾಹೇಬರು ಪ್ಲಾಟುಗಳ ಸಂಖ್ಯೆ ಹೇಳಿದರು, ರಸ್ತೆಯ ಅಗಲ ಹೇಳಿದರು,
ಪರಿಹಾರದ ಕಂತು.
ಆಮೇಲೆ ಚಹಾ.

ದುರ್ಗಮ್ಮ ನನ್ನ ಕಡೆ ತಿರುಗಿದರು,
ಅರ್ಧ ತೆಲುಗು, ಅರ್ಧ ಕೈಸನ್ನೆ:
ನೀರು ಬಂತೆಂದು ಮೊದಲು ಗೊತ್ತಾದದ್ದು ಎಲ್ಲಿ?

ಮೂಲೆ ಬಿಟ್ಟೆ. ನಕಾಶೆ ಸುರ್ರನೆ ಸುತ್ತಿಕೊಂಡಿತು.

ಅಲ್ರೀ ಬಾಯಾರ, ನೀರು ಬಾಗಲಾ ಬಡದು ಬರೂದಿಲ್ರಿ.
ಹೊಳಿ ಇನ್ನೂ ಅಲ್ಲೇ ಇತ್ತು, ದಂಡಿ ಮ್ಯಾಲ ಅರಿವಿ ಒಣಗತಿದ್ದು.
ನಾ ಕೆಂಪ ಬಣ್ಣದ ಡಬ್ಬಿ ಹಿಡಕೊಂಡು
ಮನಿ ಮನಿ ಕಂಬಕ್ಕ ಐನೂರಾ ಇಪ್ಪತ್ಮೂರು ಬರೀತಿದ್ದೆ.
ಮಂದಿ ನಗತಿದ್ರು: ನದಾಫ, ಇದೇನ ಮಟಕಾ ನಂಬರೇನೋ?
ಅದ ವಾರ ಬಸಲಿಂಗವ್ವ ಹಗೇವು ತಗಸಿದ್ಲು,
ಮುತ್ತಜ್ಜನ ಕಾಲದ್ದು.
ಮ್ಯಾಲಿನ ಜ್ವಾಳ ಒಣಾ ಒಣ, ಮುತ್ತಿನಂಗ.
ತಳದಾಗ ಕೈ ಹಾಕಿದ್ರ ಬಿಸಿ, ಹುಳಿ ವಾಸನಿ,
ಕತ್ತಲದಾಗ ಬೆಳ್ಳಗ ಮೊಳಕಿ ಒಡದಿತ್ರಿ.
ನೀರು ಕೆಳಗಿಂದ ಬಂದಿತ್ತು.
ನನ್ನ ನಂಬರು ಕಂಬದ ಮ್ಯಾಲ ದಾರಿ ಕಾಯ್ಕೋತ ನಿಂತಿತ್ತು.

ಯಾರೂ ಅನುವಾದಿಸಲಿಲ್ಲ.
ಉಪ್ಪು, ಅಂದರು ದುರ್ಗಮ್ಮ. ನಮ್ಮಲ್ಲೂ ಹಾಗೇ.
ಕಡಲು ಇನ್ನೂ ಎರಡು ಮೈಲಿ ದೂರ,
ಒಂದು ದಿನ ಅಮ್ಮ ಅಂದಳು: ಬಾವಿ ನೀರಲ್ಲಿ ಬೇಳೆ ಬೇಯುತ್ತಿಲ್ಲ.
ರೆಜ್ವಾನಾ ಬಾಯಿ ಲ್ಯಾಪ್‌ಟಾಪ್ ಮುಚ್ಚಿದರು.
ಯೆಲ್ಲೆ ಏನನ್ನೋ ಬರೆದ, ಹೊಡೆದುಹಾಕಿದ, ಮತ್ತೆ ಬರೆದ.

ಮಧ್ಯಾಹ್ನ ಹಿನ್ನೀರಿಗೆ ಹೋದೆವು.
ಬೇಸಿಗೆ; ಹಳೆಯ ಓಣಿಯ ಮೂರು ಮೆಟ್ಟಿಲು ಹೊರಗೆ,
ಸುತ್ತ ಕರಿ ರಾಡಿ, ಬಿರುಕು ಬಿಟ್ಟ ಪಾಪಡಿಯಂತೆ.
ದುರ್ಗಮ್ಮ ಕುಕ್ಕರಗಾಲಲ್ಲಿ ಕೂತು ಒಂದು ಹೆಂಟೆ ಮುರಿದು
ಮೂಸಿ, ಚೂರು ನಾಲಿಗೆಗಿಟ್ಟರು.
ಸಿಹಿ.
ಆಮೇಲೆ, ಜಗಳದ ದನಿಯಲ್ಲಲ್ಲ:
ಇದು ನಮಗೆ ಬರಬೇಕಾದ ನೆಲ.
ಒಂದೊಂದು ಪ್ರವಾಹ ಒಂದೊಂದು ಪದರ ಹಾಸಿ ಹೋಗುತ್ತಿತ್ತು.
ಈಗ ಕಡಲು ಒಂದು ಬೆರಳು ಏರಿದರೆ
ನಾವು ನಿಂತದ್ದು ಇನ್ನೊಂದು ಬೆರಳು ಇಳಿಯುತ್ತದೆ.

ಕೋಲು ಹಿಡಿದು ನಿಂತವನಿಗೆ ಯಾರೂ
ಹೊಳೆ ಹೋಗುವ ಕಡೆ ತಿರುಗು ಎಂದಿರಲಿಲ್ಲ.
ಯಾರ ಮನೆ ಗೆರೆಯ ಮೇಲೆ, ಯಾರದು ಕೆಳಗೆ,
ಅಷ್ಟೇ ನೋಡಿದ್ದೆ.

ಶೇಂಗಾ ಹಿಂಡಿ ತಂದಿದ್ದ ಡಬ್ಬಿ ಝಾಡಿಸಿ ಕೊಟ್ಟೆ.
ರಾಡಿ ತುಂಬಿಕೊಂಡರು.
ನಾಗಾಯಲಂಕಕ್ಕೆ ಇಂಥವು ಎಷ್ಟು ಡಬ್ಬಿ ಬೇಕಾದಾವ್ರಿ?
ನಕ್ಕರು. ಕಡ್ಡಿ ಹಿಡಿದು ರಾಡಿಯ ಮೇಲೇ ಲೆಕ್ಕಕ್ಕೆ ಕೂತರು.
ರೆಜ್ವಾನಾ ಬಾಯಿ ಬಗ್ಗಿ ಒಂದು ಅಂಕಿ ತಿದ್ದಿದರು,
ಯೆಲ್ಲೆ ಎರಡು ಸೊನ್ನೆ ಸೇರಿಸಿದ,
ದುರ್ಗಮ್ಮ ಇನ್ನೊಂದು.
ಸಂಖ್ಯೆ ಸರಿಯುತ್ತ ಸರಿಯುತ್ತ ನೀರಿನ ಅಂಚಿಗೆ ಹೋಯಿತು.
ಕೊನೆಯ ಸೊನ್ನೆಯೊಳಗೆ
ಆಗಲೇ ತೇವ.