ಮುನ್ನೂರೇಳರ ಸರದಿ

‘ಕೋಣೆಗಳಲ್ಲಿ ಅಡುಗೆ ಮಾಡಕೂಡದು’ –
ಮೂರು ಭಾಷೆಯಲ್ಲಿ ಬರೆದು ಅಂಟಿಸಿದವನು ನಾನೇ.
ರಷ್ಯನ್ ಸಾಲಿನಲ್ಲಿ ಎರಡು ತಪ್ಪಿದ್ದವಂತೆ.
ಮುನ್ನೂರೇಳರ ನಾಜಿಬ್ರೋಲಾ, ಬಂದ ದಿನವೇ,
ನನ್ನ ಪೆನ್ನು ಇಸಿದುಕೊಂಡು ತಿದ್ದಿದಳು.
ತಿದ್ದಿ, ಮೇಲೆ ಹೋಗಿ, ಈರುಳ್ಳಿ ಹೆಚ್ಚಿದಳು.

ಲಾಲೆಲಿಯ ಈ ಓಣಿಯಲ್ಲಿ ರಾತ್ರಿ ಪಾಳಿಯೆಂದರೆ
ಮೂಗಿನ ಕೆಲಸ.
ಮೊದಲು ಬೆಳ್ಳುಳ್ಳಿ ಮೆಟ್ಟಿಲಿಳಿದು ಬರುತ್ತದೆ,
ಅದರ ಸೆರಗು ಹಿಡಿದು ಕೊತ್ತಂಬರಿ.
ನಾಲ್ಕನೇ ಮಹಡಿಯ ವಾರ್ವಾರಾಳ ಎಲೆಕೋಸು ಮಾತ್ರ
ನಡೆಯುವುದಿಲ್ಲ,
ಲಿಫ್ಟಿನಲ್ಲೇ ಬರುತ್ತದೆ.

ಹಗಲೆಲ್ಲ ಚರ್ಮದ ಜಾಕೆಟ್ಟಿಗೆ ಚೌಕಾಸಿ,
ಸಂಜೆ ಮೂಟೆಯ ಮೇಲೆ ಮೊಣಕಾಲೂರಿ
ಟೇಪು ಸುತ್ತುವ ಹೆಂಗಸರು.
ಕೆಳಗಿನ ಹೋಟೆಲಿನ ಒಂದು ತಟ್ಟೆ ಅನ್ನವೆಂದರೆ
ಬತೂಮಿಯಲ್ಲಿ ಆರು ಜೊತೆ ಕಾಲುಚೀಲದ ಲಾಭ.
ಅಷ್ಟು ಲೆಕ್ಕ ನನಗೂ ಬರುತ್ತದೆ.

ಏಳೂವರೆಗೆ ಎಲ್ಲರಿಗೂ ಒಟ್ಟಿಗೇ ಹಸಿವು.
ಫ್ಯೂಸು ಟಪ್ಪೆಂದಿತು.
ಇಪ್ಪತ್ತಾರು ಕೋಣೆಗಳು ಉಸಿರು ಬಿಗಿಹಿಡಿದವು,
ಕರೆಂಟು ಹೋಯಿತೆಂದು ಒಬ್ಬರೂ ಕೂಗಲಿಲ್ಲ.
ಟಾರ್ಚು ಹಿಡಿದು ಹತ್ತಿದೆ.
ಮುನ್ನೂರೇಳರ ಬಾಗಿಲು ಎರಡು ಬೆರಳು ತೆರೆಯಿತು.
‘ಏನು ಮಾಡ್ತಿದ್ದೀರಿ?’
‘ಇಸ್ತ್ರಿ’ ಎಂದಳು.
ಅವಳ ಅಂಗಿಯೋ ಮುದುಡಿದ ಕಾಗದ.
ಹಿಂದೆ, ಎರಡು ಬೂಟುಗಳ ನಡುವೆ
ಅಂಗಾತ ಸಿಕ್ಕಿಸಿದ ನಮ್ಮ ಇಸ್ತ್ರಿಪೆಟ್ಟಿಗೆ;
ಅದರ ಮೇಲೆ ಕಣ್ಣು ಬಿಟ್ಟುಕೊಂಡು
ಅರ್ಧ ಬೆಂದ ಎರಡು ಮೊಟ್ಟೆ
ನನ್ನನ್ನೇ ನೋಡುತ್ತಿದ್ದವು.

ಧಣಿ ಫಿಕ್ರೆತ್‌ಗೆ ಹೇಳಬೇಕಿತ್ತು.
ಹೇಳಲಿಲ್ಲ. ಯಾಕೆಂದು ಕೇಳಬೇಡಿ,
ಆ ಮೊಟ್ಟೆಗಳನ್ನು ಕೇಳಿ.

ಮರುದಿನ ರಿಜಿಸ್ಟರಿನ ಕೊನೆಯ ಹಾಳೆಗೆ ಗೆರೆ ಎಳೆದೆ.
ಏಳಕ್ಕೆ ಮುನ್ನೂರೇಳು.
ಏಳು ಇಪ್ಪತ್ತಕ್ಕೆ ಮುನ್ನೂರ ಹನ್ನೊಂದು – ಬರೀ ಚಹಾ, ಹತ್ತು ನಿಮಿಷ ಸಾಕು.
ವಾರ್ವಾರಾಳಿಗೆ ಕಡೆಯ ಸರದಿ,
ಕೋಸಿಗೆ ಕಾಲವೇನು, ಗೀಲವೇನು.
ಫೋನು ಎರಡು ಸಲ ಬಾರಿಸಿ ಇಡುತ್ತೇನೆ,
ಯಾರೂ ಎತ್ತುವುದಿಲ್ಲ.
ಗೋಡೆಯ ಮೇಲೆ ಮೀಟರಿನ ಚಕ್ರ ಓಡತೊಡಗುತ್ತದೆ.
ಸಣ್ಣ ಬಾಟಲಿಯೊಳಗೆ ಕಾಯಿಲ್ಲು ಇಳಿಬಿಟ್ಟು
ಅವಳು ಹುರುಳಿಕಾಯಿಯ ಬೀಜ ಬೇಯಿಸುವುದನ್ನು
ಆ ಚಕ್ರದಲ್ಲಿ ಕಾಣುತ್ತ
ಹೆಂಡತಿ ಶುಕೂಫೆ ಕಟ್ಟಿಕೊಟ್ಟ ಡಬ್ಬಿಯನ್ನು
ತಣ್ಣಗೇ ತಿನ್ನುತ್ತೇನೆ.

ನನಗೇನೂ ಕೊಡಬೇಡಿ ಎಂದಿದ್ದೆ.
ಕೊಡಲೂ ಇಲ್ಲ ಮಾರಾಯತಿ.
ಹನ್ನೊಂದು ಮೂಟೆ, ಬತೂಮಿ ಬಸ್ಸು,
ಬೀಗದಕೈ ಮೇಜಿನ ಮೇಲೆ.
ಹೋಗುವಾಗ ಬಾಗಿಲಲ್ಲಿ ನಿಂತು ಆ ಚೀಟಿಯನ್ನು
ಮತ್ತೊಮ್ಮೆ ಓದಿದಳು,
ಇನ್ನೊಂದು ತಪ್ಪು ಸಿಕ್ಕಿತೇನೋ.

ಈಗ ಮುನ್ನೂರೇಳರಲ್ಲಿ ಇಜ್ಮೀರಿನ ವಿಮೆಯವನು.
ಇಸ್ತ್ರಿ ಮಾಡಿದ ಅಂಗಿ ಈರುಳ್ಳಿ ನಾರುತ್ತದೆಂದು
ಕೆಳಗಿಳಿದು ಬಂದು ರೇಗಾಡಿದ.
ಕ್ಷಮೆ ಕೇಳಿ, ನಾನೂರ ಎರಡರಿಂದ ಬೇರೆ ಪೆಟ್ಟಿಗೆ ತಂದುಕೊಟ್ಟೆ.
ಅದು ಎಲೆಕೋಸು.

ಏಳು ಹೊಡೆಯಿತು.
ಕೈ ತಾನಾಗಿ ಹೋಗಿ ಎರಡು ಸಲ ಬಾರಿಸಿತು.
ಇಡುವಷ್ಟರಲ್ಲಿ ಎತ್ತಿಬಿಟ್ಟ:
‘ಹಲೋ? ಯಾರು? ಏನು?’

ಏನೂ ಇಲ್ಲ, ಎಂದೆ.
ಊಟದ ಹೊತ್ತು.